ದೊಡ್ಡ ಸ್ವಾಮಿಯವರು: ಅಬ್ಬೆ ದುಬ್ವಾ ಅವರ ಚರಿತ್ರೆ

ಪರೋಪಕಾರದಲ್ಲಿ ಎರಡು ಬಗೆಯುಂಟು. ಬಾವಿ ತೋಡಿಸಿದವನ, ಸಾಲುಮರ ನೆಡಿಸಿದವನ ಉಪಕಾರವು ಎಲ್ಲರ ಕಣ್ಣಿಗೂ ಬೀಳುವಂಥದು. ದಾರಿಹೋಕನು ನೆರಳಿನಲ್ಲಿ ಕುಳಿತು ಅವನ ಹೆಸರನ್ನು ನೆನೆಯುತ್ತಾನೆ. ಬರಲಿದ್ದ ಆಪತ್ತನ್ನು ಬಾರದಂತೆ ತಡೆದವನ ಉಪಕಾರವಾದರೋ ಯಾರಿಗೂ ಕಾಣಿಸದು. ಬಾರದೆ ಹೋದ ರೋಗವನ್ನು ಕಂಡವರಾರು? ಸಾಯದೆ ಉಳಿದ ಕೂಸಿಗೆ ತಾನು ಸಾವಿನಿಂದ ತಪ್ಪಿಸಿಕೊಂಡೆನೆಂಬ ಅರಿವೇ ಇರದು. ಆದುದರಿಂದ ಇಂಥ ಉಪಕಾರಿಗಳ ನೆನಪು ಬೇಗನೆ ಮಾಸುತ್ತದೆ. ಅವರು ಮಾಡಿದ ಕಾರ್ಯದ ಮೇಲೆ ಸುಳ್ಳು ಅಪವಾದವನ್ನು ಹೊರಿಸುವುದೂ ಸುಲಭವಾಗುತ್ತದೆ. ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಕನ್ನಡ ನಾಡಿನಲ್ಲಿ ಈ ಎರಡನೆಯ ಬಗೆಯ ಉಪಕಾರವನ್ನು ಮಾಡಿದ ಒಬ್ಬ ಕ್ರೈಸ್ತ ಪಾದ್ರಿಯ ಚರಿತ್ರೆಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ತಾಯಿತಂದೆಗಳ ಮುಂದೆಯೂ ಈ ಶಾಲೆಯಲ್ಲಿ ಓದಿ ಈಗ ಗೃಹಿಣಿಯರಾಗಿರುವ ಸೋದರಿಯರ ಮುಂದೆಯೂ ಇಡಲು ಇಲ್ಲಿ ಯತ್ನಿಸಲಾಗಿದೆ.

ಜಾನ್ ಆಂತ್ವಾನ್ ದುಬ್ವಾ ಅವರು ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ಆರ್ದೆಶ್ ಸೀಮೆಯ ಸೇಂಟ್ ರೆಮೇಜ್ ಎಂಬ ಗ್ರಾಮದಲ್ಲಿ 1765ನೆಯ ಇಸವಿಯಲ್ಲಿ ಜನಿಸಿದರು. ಅಬ್ಬೆ ಎಂಬುದು ಅವರ ಹೆಸರಿನ ಭಾಗವಲ್ಲ. ಫ್ರೆಂಚರು ತಮ್ಮ ಪಾದ್ರಿಗಳನ್ನು ಕರೆಯುವ ಗೌರವದ ಪದವದು. 1792ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಆಗ ಫ್ರಾನ್ಸ್ ದೇಶವು ರಾಜ್ಯಕ್ರಾಂತಿಯ ಬೆಂಕಿಯಲ್ಲಿ ಬೇಯುತ್ತಿತ್ತು. ಪಾದ್ರಿಗಳ ಪ್ರಾಣಕ್ಕೆ ನೆಲೆಯಿರಲಿಲ್ಲ. ಅದೇ ವರ್ಷ ಅವರು ಪ್ಯಾರಿಸ್ ನಗರದ ವಿದೇಶೀ ಮಿಷನ್ ಸಂಘದ ಪರವಾಗಿ ಹಡಗು ಹತ್ತಿ ಹಿಂದೂಸ್ಥಾನಕ್ಕೆ ಹೊರಟರು. ಇಪ್ಪತ್ತೇಳು ವರುಷದ ಆ ತರುಣನು ತನ್ನ ಜನ್ಮಭೂಮಿಯನ್ನು ಮತ್ತೆ ಕಂಡದ್ದು ಮೂವತ್ತು ವರ್ಷಗಳು ಕಳೆದ ಮೇಲೆ.

ಮೊದಲು ಅವರು ಪುದುಚೇರಿಯ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ಕೆಲಸಮಾಡಿದರು. ಈ ನಾಡಿನವರ ನಡುವೆ ಬಾಳಬೇಕಾದವನು ಈ ನಾಡಿನವನಂತೆಯೇ ಇರಬೇಕೆಂಬುದು ಅವರ ನಿಶ್ಚಯವಾಗಿತ್ತು. ಆದುದರಿಂದ ಅವರು ಯೂರೋಪಿಯನರ ಸಹವಾಸವನ್ನು ಬಹುಮಟ್ಟಿಗೆ ತೊರೆದರು. ದೇಶೀಯರ ಉಡುಪನ್ನು ತೊಟ್ಟರು. ಅವರ ಊಟವನ್ನೇ ಉಂಡರು. ಅವರ ಭಾಷೆಯನ್ನು ಕಲಿತು ಅವರ ರೀತಿನೀತಿಗಳನ್ನು ಗಮನಿಸಿದರು. ಮೇಜು ಕುರ್ಚಿಗಳ ಸುಖವನ್ನು ಬಿಟ್ಟು ಹಳ್ಳಿಯ ಜಗುಲಿಯ ಮೇಲೆ ಕುಳಿತ ಆ ಪರದೇಶಿಯನ್ನು ಜನರು ಬರಬರುತ್ತ ತಮ್ಮವನೆಂದೇ ಎಣಿಸತೊಡಗಿದರು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅವರು ಮಾಡಿದ ಕಾರ್ಯದ ಬೇರು ಇದರಲ್ಲಿಯೇ ಇದೆ.

1799ನೆಯ ಇಸವಿಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟೀಪೂ ಸುಲ್ತಾನನು ಮಡಿದನು. ಜೂನ್ 30ರಂದು ಐದು ವರುಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಯುದ್ಧಗಳ ಕಾಲದಲ್ಲಿ ಮೈಸೂರು ಸೀಮೆಯ ಕ್ರೈಸ್ತ ಸಭೆಗಳು ಚೆದುರಿಹೋಗಿದ್ದುವು. ಅವುಗಳನ್ನು ಮತ್ತೆ ಒಟ್ಟುಗೂಡಿಸುವ ಹೊಣೆಯು ದುಬ್ವಾ ಅವರಿಗೆ ಬಂದಿತು. ಅಲ್ಲಿಂದ ಮುಂದೆ ಎರಡು ದಶಕಗಳಿಗೂ ಮಿಕ್ಕಿ ಮೈಸೂರು ಸೀಮೆಯೇ ಅವರ ಕಾರ್ಯಕ್ಷೇತ್ರವಾಯಿತು. ಬಡವರಿಗೆ ಉಪದೇಶಕ್ಕಿಂತ ಮೊದಲು ಅನ್ನದ ದಾರಿ ಬೇಕೆಂದು ತಿಳಿದು, ಬೇಸಾಯಗಾರರ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಅವರ ನೆನಪು ಬಹುಕಾಲ ಉಳಿದಿತ್ತು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು.

ಆ ಕಾಲದಲ್ಲಿ ಅರಮನೆಗೂ ಗುಡಿಸಲಿಗೂ ಸಮಾನವಾಗಿ ನುಗ್ಗುತ್ತಿದ್ದ ಒಂದು ಶತ್ರುವಿತ್ತು. ಅದು ಸಿಡುಬು. ಮೈಸೂರಿನ ಕಡೆ ಅದನ್ನು ಮೈಲಿಯೆಂದರೆ, ನಮ್ಮ ಕಡೆ ದೇವಿಯೆಂದೂ ಅಮ್ಮನೆಂದೂ ಅಂಜಿಕೆಯಿಂದ ಕರೆಯುತ್ತಿದ್ದರು. ತಗಲಿದ ಹತ್ತು ಜನರಲ್ಲಿ ಸುಮಾರು ಮೂವರನ್ನು ಅದು ಕೊಂಡೊಯ್ಯುತ್ತಿತ್ತು. ಉಳಿದವರ ಮುಖದ ಮೇಲೆ ಅಳಿಸಲಾಗದ ಕಲೆಗಳನ್ನು ಬಿಡುತ್ತಿತ್ತು. ಎಷ್ಟೋ ಮಂದಿಯ ಕಣ್ಣುಗಳನ್ನು ಕಳೆಯುತ್ತಿತ್ತು. ಮದ್ದಿಲ್ಲದ ರೋಗದ ಮುಂದೆ ನಿಂತ ತಾಯಿಗೆ ಬೇವಿನ ಸೊಪ್ಪೂ ಹರಕೆಯೂ ಹೊರತು ಬೇರೆ ಏನಿತ್ತು? ಮಾರಿಯಮ್ಮನಿಗೆ ಮೊರೆಹೋದ ಆ ತಾಯಂದಿರನ್ನು ನಾವು ಮೂಢರೆಂದು ನಗುವುದು ತರವಲ್ಲ. ಅವರು ಮಗುವನ್ನು ಉಳಿಸಿಕೊಳ್ಳಲು ತಮಗೆ ತಿಳಿದ ಎಲ್ಲವನ್ನೂ ಮಾಡಿದರು, ತಿಳಿದದ್ದೇ ಕಡಮೆಯಾಗಿತ್ತು.

ಹೀಗಿರಲು ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಒಂದು ಹೊಸ ದಾರಿಯನ್ನು ತೋರಿಸಿದನು. ಹಸುವಿನ ಕೆಚ್ಚಲಿನ ಮೇಲೆ ಏಳುವ ಸೌಮ್ಯವಾದ ಬೊಕ್ಕೆಗಳು ಹಾಲು ಕರೆಯುವ ಹೆಂಗಸರ ಕೈಗೆ ಅಂಟಿದರೆ, ಅಂಥವರಿಗೆ ಸಿಡುಬು ಬಾರದೆಂಬುದು ಹಳ್ಳಿಗರ ಅನುಭವವಾಗಿತ್ತು. ಜೆನ್ನರನು 1796ರ ಮೇ 14ರಂದು ಅಂಥ ಬೊಕ್ಕೆಯ ರಸವನ್ನು ಎಂಟು ವರುಷದ ಹುಡುಗನೊಬ್ಬನ ತೋಳಿಗೆ ಹಾಕಿ ಪರೀಕ್ಷಿಸಿದನು. 1798ರಲ್ಲಿ ಅದರ ವಿವರವನ್ನು ಅಚ್ಚುಮಾಡಿಸಿದನು. ಆ ರಸವನ್ನು ಬಹುದಿನ ಕೆಡದಂತೆ ಇಡುವ ಉಪಾಯವು ಆಗ ಇರಲಿಲ್ಲ. ಒಂದು ಮಗುವಿನ ತೋಳಿನಿಂದ ಮತ್ತೊಂದು ಮಗುವಿನ ತೋಳಿಗೆ, ದೀಪದಿಂದ ದೀಪ ಹಚ್ಚುವಂತೆ, ಅದನ್ನು ದಾಟಿಸುತ್ತ ಬರಬೇಕಾಗಿತ್ತು. ಹೀಗೆ ಬಾಗ್ದಾದು, ಬಸ್ರಾ ಪಟ್ಟಣಗಳ ಮಾರ್ಗವಾಗಿ ಬಂದು, 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರುಷದ ಬಾಲೆಯ ತೋಳಿನ ಮೇಲೆ ಅದು ಮೊದಲು ಫಲಿಸಿತು. ಅವಳ ತೋಳಿನಿಂದ ಹೊರಟ ಆ ದೀಪವು ದಕ್ಷಿಣದ ಸೀಮೆಗಳಿಗೂ ಹರಡಿತು.

ಉಪಕಾರದ ಹಿಂದೆಯೇ ಅಪವಾದವೂ ಬಂದಿತು. ಮೊದಲ ಅಪವಾದಗಳು ಹುಟ್ಟಿದ್ದು ನಮ್ಮ ಹಳ್ಳಿಗಳಲ್ಲಲ್ಲ, ಲಂಡನ್ ನಗರದ ಓದಿದವರಲ್ಲಿ. ಹಸುವಿನ ರಸ ಹಾಕಿಸಿಕೊಂಡವರ ಮೈಯಿಂದ ದನದ ತಲೆಗಳು ಮೂಡುವಂತೆ ಒಬ್ಬ ಚಿತ್ರಗಾರನು 1802ರಲ್ಲಿ ನಗೆಚಿತ್ರ ಬರೆದನು. 1805ರಲ್ಲಿ ವೈದ್ಯನೇ ಆದ ವಿಲಿಯಂ ರೌಲಿಯೆಂಬವನು ಎತ್ತಿನ ಮುಖ ತಾಳಿದನೆಂಬ ಒಬ್ಬ ಹುಡುಗನ ಚಿತ್ರವನ್ನು ಪುಸ್ತಕದಲ್ಲಿ ಅಚ್ಚುಹಾಕಿಸಿ ತಂದೆತಾಯಿಗಳನ್ನು ಹೆದರಿಸಿದನು. ಆ ಹುಡುಗನ ಕೆನ್ನೆ ಯಾವುದೋ ವ್ಯಾಧಿಯಿಂದ ಬಾತಿತ್ತು. ಬಾವಿಗೂ ತೋಳಿನ ಗಾಯಕ್ಕೂ ಸಂಬಂಧವೇ ಇರಲಿಲ್ಲ. ಒಂದರ ಹಿಂದೆ ಒಂದು ನಡೆದುದರಿಂದ, ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಜನರು ನಂಬಿದರು. ನಮ್ಮ ದೇಶದಲ್ಲಿಯೂ ಅಂಜಿಕೆಗಳು ಹಲವಾಗಿದ್ದುವು. ಗೋವಿನ ಮೈಯಿಂದ ತೆಗೆದ ವಸ್ತುವೆಂದು ಕೆಲವರು ಹಿಂಜರಿದರು. ಬೇರೆ ಜಾತಿಯ ಮಗುವಿನ ತೋಳಿನ ರಸವೆಂದು ಕೆಲವರು ಅಸಹ್ಯಪಟ್ಟರು. ಸರಕಾರವು ಗುರುತು ಹಾಕುತ್ತಿದೆಯೆಂದು ಕೆಲವರು ಶಂಕಿಸಿದರು. ಸಿಡುಬಿನ ಕೀವನ್ನೇ ಚುಚ್ಚುವ ಹಳೆಯ ಪದ್ಧತಿಯಿಂದ ಜೀವಿಸುತ್ತಿದ್ದವರು ಹೊಸದನ್ನು ವಿರೋಧಿಸಿದರು.

ಇಂಥ ಸಮಯದಲ್ಲಿ ದೊಡ್ಡ ಸ್ವಾಮಿಯವರು ಈ ಕಾರ್ಯಕ್ಕೆ ಕೈಹಾಕಿದರು. 1803 ಮತ್ತು 1804ರಲ್ಲಿ ಮೈಸೂರು ಸೀಮೆಯಲ್ಲಿ ಅವರ ಪ್ರಯತ್ನದಿಂದ 25,432 ಜನರಿಗೆ ಮೈಲಿ ಹಾಕಲಾಯಿತೆಂಬ ಲೆಕ್ಕವು ಉಳಿದುಬಂದಿದೆ. ರೈಲು ಇಲ್ಲದ, ಒಳ್ಳೆಯ ರಸ್ತೆಗಳಿಲ್ಲದ ಆ ದಿನಗಳಲ್ಲಿ, ಒಂದು ತೋಳಿನ ಬೊಕ್ಕೆ ಒಣಗುವ ಮುನ್ನ ಇನ್ನೊಂದು ತೋಳನ್ನು ಹುಡುಕಬೇಕಾಗಿದ್ದ ಕೆಲಸದಲ್ಲಿ ಇದು ಸಾಮಾನ್ಯ ಸಂಖ್ಯೆಯಲ್ಲ. ಇದನ್ನು ಆಜ್ಞೆಯಿಂದ ಮಾಡಿಸುವ ಅಧಿಕಾರವು ಅವರಿಗೆ ಇರಲಿಲ್ಲ; ಸೈನ್ಯವಿರಲಿಲ್ಲ; ಸಂಬಳದ ಆಸೆ ತೋರಿಸಲು ಹಣವೂ ಇರಲಿಲ್ಲ. ಅವರಲ್ಲಿ ಇದ್ದದ್ದು ಜನರು ಇಟ್ಟಿದ್ದ ನಂಬಿಕೆಯೊಂದೇ. ತಮ್ಮ ಅನ್ನವನ್ನು ಉಂಡವನು, ತಮ್ಮ ಭಾಷೆಯನ್ನು ಆಡಿದವನು ತಮ್ಮ ಮಕ್ಕಳಿಗೆ ಕೇಡು ಬಗೆಯನೆಂದು ಆ ತಾಯಂದಿರು ತಿಳಿದಿದ್ದರು.

ಮೈಸೂರಿನ ಅರಮನೆಯೂ ಹಿಂದೆಗೆಯಲಿಲ್ಲ. ಬಾಲಕ ಮಹಾರಾಜರ ಅಜ್ಜಿಯವರಾದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಆಗ ಅಂತಃಪುರದ ಹಿರಿಯರಾಗಿದ್ದರು. ಮಹಾರಾಜರ ಕಿರಿಯ ರಾಣಿ ದೇವಾಜಮ್ಮಣ್ಣಿಯವರಿಗೆ ಮೈಲಿ ಹಾಕಿಸಲಾಯಿತು. ಅದನ್ನು ಕಂಡು ಪ್ರಜೆಗಳು ತಾವಾಗಿಯೇ ಮುಂದೆ ಬಂದರೆಂದು 1806ರ ಜುಲೈ ತಿಂಗಳಿನ ದಾಖಲೆಯು ಹೇಳುತ್ತದೆ. ಐರ್ಲೆಂಡಿನ ಚಿತ್ರಗಾರ ಥಾಮಸ್ ಹಿಕಿಯು 1805ರ ಸುಮಾರಿಗೆ ಬರೆದ ಒಂದು ತೈಲಚಿತ್ರದಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದು ಭಾವಿಸಲಾಗಿತ್ತು. ಅವರು ಮೈಸೂರಿನ ರಾಣಿವಾಸದವರೆಂದೂ, ಬಲಗಡೆಯವರು ಸೆರಗನ್ನು ಸರಿಸಿ ತೋರಿಸುತ್ತಿರುವುದು ಮೈಲಿ ಹಾಕಿಸಿಕೊಂಡ ತೋಳನ್ನೆಂದೂ ಚರಿತ್ರಕಾರ ನೈಜೆಲ್ ಛಾನ್ಸಲರ್ ಅವರು ನಮ್ಮ ಕಾಲದಲ್ಲಿ ವಿವರಿಸಿದ್ದಾರೆ. ಅವರ ಮಾತು ದಿಟವಾದರೆ, ತೋಳನ್ನು ಪರರಿಗೆ ತೋರಿಸದ ರಾಣಿಯೊಬ್ಬಳು ಪ್ರಜೆಗಳ ಅಂಜಿಕೆಯನ್ನು ಕಳೆಯಲೆಂದು ಅದನ್ನು ತೋರಿಸಿದಳೆಂದಾಯಿತು. ಹಳ್ಳಿಯಲ್ಲಿ ಪಾದ್ರಿ, ಅರಮನೆಯಲ್ಲಿ ಅಜ್ಜಿ: ಮತವೂ ಕುಲವೂ ಬೇರೆಯಾದ ಇಬ್ಬರು ಒಂದೇ ಕಾಲದಲ್ಲಿ ಒಂದೇ ಕಾರ್ಯವನ್ನು ಮಾಡಿದರು.

ದುಬ್ವಾ ಅವರ ಹೆಸರು ಲೋಕಕ್ಕೆ ಹೆಚ್ಚಾಗಿ ತಿಳಿದಿರುವುದು ಹಿಂದೂ ಜನರ ನಡೆನುಡಿ ಆಚಾರಗಳನ್ನು ಕುರಿತ ಅವರ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು ಮದರಾಸಿನ ಸರಕಾರವು ಕೊಂಡುಕೊಂಡಿತು; 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಪಂಚತಂತ್ರದ ಕಥೆಗಳನ್ನೂ ಅವರು ಫ್ರೆಂಚ್ ಭಾಷೆಗೆ ತಂದರು. ಚರಿತ್ರೆಯನ್ನು ಬರೆಯುವವನು ಗುಣವನ್ನು ಹೇಳುವಾಗ ದೋಷವನ್ನೂ ಮುಚ್ಚಬಾರದು. ಆ ಗ್ರಂಥದಲ್ಲಿ ನಮ್ಮ ಜನರ ವಿಷಯವಾಗಿ ಕಠೋರವಾದ ಮಾತುಗಳು ಬಹಳವುಂಟು; ಅದರ ಬಹುಭಾಗವು ಹಿಂದಿನ ಕೂರ್ದೂ ಎಂಬ ಪಾದ್ರಿಯ ಬರಹದಿಂದ ಬಂದುದೆಂದು ಇಪ್ಪತ್ತನೆಯ ಶತಮಾನದ ಪಂಡಿತರು ತೋರಿಸಿದ್ದಾರೆ. ತಾವು ಹಿಡಿದ ಮತಪ್ರಚಾರದ ಕೆಲಸವು ಫಲಿಸಲಿಲ್ಲವೆಂದು ಸ್ವತಃ ಅವರೇ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಒಪ್ಪಿಕೊಂಡರು. ಅದಕ್ಕಾಗಿ ಇತರ ಮಿಷನರಿಗಳ ನಿಂದೆಗೂ ಗುರಿಯಾದರು. ಅದೇ ವರ್ಷದ ಆರಂಭದಲ್ಲಿ ಕುಂಪಣಿ ಸರಕಾರದ ವಿಶ್ರಾಂತಿವೇತನವನ್ನು ಪಡೆದು ಸ್ವದೇಶಕ್ಕೆ ಮರಳಿದರು. ಪ್ಯಾರಿಸಿನಲ್ಲಿ ತಮ್ಮ ಸಂಘದ ಮೇಲಧಿಕಾರಿಯಾಗಿ 1836ರಿಂದ 1839ರವರೆಗೆ ಸೇವೆ ಸಲ್ಲಿಸಿ, 1848ರ ಫೆಬ್ರುವರಿ 17ರಂದು ದೈವಾಧೀನರಾದರು. ಗ್ರಂಥವನ್ನು ಕುರಿತು ವಾದವುಂಟು; ಪ್ರಚಾರವನ್ನು ಕುರಿತು ವಾದವುಂಟು; ಸಿಡುಬಿನಿಂದ ಉಳಿಸಿದ ಮಕ್ಕಳ ವಿಷಯದಲ್ಲಿ ವಾದವೇ ಇಲ್ಲ. ಅವರು ಹಚ್ಚಿದಂಥ ದೀಪಗಳು ಲೋಕದ ನಾನಾ ಕಡೆಗಳಲ್ಲಿ ಉರಿದುದರಿಂದಲೇ 1975ರಲ್ಲಿ ಭಾರತವು ಸಿಡುಬಿನಿಂದ ಬಿಡುಗಡೆ ಹೊಂದಿತು. 1980ರ ಮೇ 8ರಂದು ಇಡೀ ಭೂಮಂಡಲವೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ನಮ್ಮ ಅಜ್ಜಿಯರ ತೋಳಿನ ಮೇಲಿನ ದುಂಡು ಕಲೆಯು ಆ ಕಥೆಯ ಗುರುತು.

ಇಷ್ಟನ್ನು ಹೇಳಿ ಲೇಖನಿಯನ್ನು ಇಡಬಹುದಾಗಿತ್ತು. ಆದರೆ ಎತ್ತಿನ ಮುಖದ ಹುಡುಗನ ಕಥೆಯು ಹೊಸ ವೇಷವನ್ನು ತೊಟ್ಟು ನಮ್ಮ ಮನೆಗಳ ಬಾಗಿಲಿಗೂ ಬಂದಿರುವುದರಿಂದ, ದೊಡ್ಡ ಸ್ವಾಮಿಯವರ ಚರಿತ್ರೆಯು ಅದನ್ನು ಹೇಳದೆ ಪೂರ್ತಿಯಾಗದು. ದಡಾರದ ಲಸಿಕೆಯಿಂದ ಮಕ್ಕಳಿಗೆ ಆಟಿಸಂ, ಅಂದರೆ ಸ್ವಲೀನತೆ, ಉಂಟಾಗುತ್ತದೆಂಬುದೇ ಆ ಹೊಸ ಕಥೆ. ಮಗುವು ಹೆಸರು ಕರೆದರೆ ತಿರುಗದಿರುವುದು, ಮಾತು ತಡವಾಗುವುದು, ಕಣ್ಣಿಗೆ ಕಣ್ಣು ಕೊಡದಿರುವುದು ಮುಂತಾದ ಲಕ್ಷಣಗಳುಳ್ಳ ಈ ಸ್ಥಿತಿಯು ಬಹುಮಟ್ಟಿಗೆ ವಂಶವಾಹಿಗಳಿಂದ ಬರುವಂಥದು. ಮಗುವು ಗರ್ಭದಲ್ಲಿರುವಾಗಲೇ ಮಿದುಳಿನ ಬೆಳವಣಿಗೆಯಲ್ಲಿ ಅದರ ಮೊದಲಾಗುತ್ತದೆ.

1998ರಲ್ಲಿ ಲಂಡನ್ನಿನ ವೈದ್ಯ ಆಂಡ್ರೂ ವೇಕ್‌ಫೀಲ್ಡ್ ಎಂಬವನು ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಕೇವಲ 12 ಮಕ್ಕಳನ್ನು ಕುರಿತು ಒಂದು ಲೇಖನವನ್ನು ತನ್ನ ಸಂಗಡಿಗರೊಡನೆ ಪ್ರಕಟಿಸಿ, ದಡಾರ, ಕೆಪ್ಪಟೆ, ರುಬೆಲ್ಲಾ ಲಸಿಕೆಯ ಮೇಲೆ ಸಂಶಯವನ್ನು ಬಿತ್ತಿದನು. ಲಸಿಕೆ ತಯಾರಿಸುವವರ ಮೇಲೆ ದಾವೆ ಹೂಡಲಿದ್ದ ವಕೀಲರಿಂದ ಅವನಿಗೆ ಹಣ ಬಂದಿತ್ತೆಂಬುದು ಬಳಿಕ ಬಯಲಾಯಿತು. ಮಕ್ಕಳ ದಾಖಲೆಗಳಲ್ಲಿ ಇದ್ದುದೇ ಒಂದು, ಲೇಖನದಲ್ಲಿ ಹೇಳಿದ್ದೇ ಮತ್ತೊಂದು ಎಂಬುದೂ ತಿಳಿಯಿತು. 2010ರ ಫೆಬ್ರುವರಿಯಲ್ಲಿ ಆ ಪತ್ರಿಕೆಯು ಲೇಖನವನ್ನು ಹಿಂದೆಗೆದುಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಹನ್ನೆರಡು ಮಕ್ಕಳ ಕಥೆಗೆ ಎದುರಾಗಿ ಡೆನ್ಮಾರ್ಕ್ ದೇಶದ ಪಂಡಿತರು 6,57,461 ಮಕ್ಕಳ ಲೆಕ್ಕವನ್ನು 2019ರಲ್ಲಿ ಮುಂದಿಟ್ಟರು. ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಾಗಿರಲಿಲ್ಲ. ಜಪಾನಿನಲ್ಲಿ 1993ರಲ್ಲಿ ಆ ಸಂಯುಕ್ತ ಲಸಿಕೆಯನ್ನು ನಿಲ್ಲಿಸಿದ ತರುವಾಯವೂ ಯೊಕೊಹಾಮಾ ಪಟ್ಟಣದಲ್ಲಿ ಆಟಿಸಂ ಗುರುತಿಸಲ್ಪಟ್ಟ ಮಕ್ಕಳ ಸಂಖ್ಯೆ ಏರುತ್ತಲೇ ಹೋಯಿತು. ಕಾರಣವನ್ನು ತೆಗೆದ ಮೇಲೂ ಕಾರ್ಯವು ಬೆಳೆಯುವುದಾದರೆ ಅದು ಕಾರಣವೇ ಅಲ್ಲವೆಂಬುದು ತರ್ಕದ ಮೊದಲ ಪಾಠ.

ಹಾಗಾದರೆ ಒಳ್ಳೆಯ ತಾಯಂದಿರೂ ಇದನ್ನು ನಂಬುವುದೇಕೆ? ನಮ್ಮ ದೇಶದಲ್ಲಿ ದಡಾರ ರುಬೆಲ್ಲಾ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಮತ್ತೊಮ್ಮೆ ಹಾಕುತ್ತಾರೆ. ಆಟಿಸಂ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳುವುದೂ ಸಾಮಾನ್ಯವಾಗಿ ಎರಡನೆಯ ವರುಷದಲ್ಲಿಯೇ, ಮಗುವು ಮಾತಾಡಬೇಕಾದ ಕಾಲದಲ್ಲಿ. ಎರಡೂ ಒಂದೇ ಹೊತ್ತಿಗೆ ಕೂಡಿಬರುತ್ತವೆ. ನೊಂದ ಮನಸ್ಸು ಕಾರಣವನ್ನು ಅರಸುತ್ತದೆ. ಹತ್ತಿರದಲ್ಲಿ ಕಂಡದ್ದನ್ನು ಹಿಡಿದುಕೊಳ್ಳುತ್ತದೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕೆಲವು ಪಂಡಿತರು ತಾಯಿಯ ಪ್ರೀತಿಯ ಕೊರತೆಯೇ ಈ ಸ್ಥಿತಿಗೆ ಕಾರಣವೆಂದು ಬರೆದು ಸಾವಿರಾರು ತಾಯಂದಿರನ್ನು ಕಣ್ಣೀರಿಡಿಸಿದರು. ಅದು ಸುಳ್ಳೆಂದು ತೀರ್ಮಾನವಾಯಿತು. ಈಗ ತಾಯಿಯೇ ಕೈಯಾರೆ ಲಸಿಕೆ ಹಾಕಿಸಿ ಮಗುವನ್ನು ಕೆಡಿಸಿದಳೆಂಬ ಎರಡನೆಯ ಸುಳ್ಳು ಅದೇ ಹೆಗಲಿನ ಮೇಲೆ ಬಿದ್ದಿದೆ. ಅಂಥ ಮಗುವಿರುವ ಮನೆಯ ತಾಯಿಯು ನಿರಪರಾಧಿ. ಅವಳಿಗೂ ಅವಳ ಮಗುವಿಗೂ ಬೇಕಾದದ್ದು ಬೇಗನೆ ದೊರೆಯುವ ಶಿಕ್ಷಣ, ನೆರೆಹೊರೆಯವರ ಆದರ, ಸಭೆ ಶಾಲೆಗಳ ಸಹಾಯ.

2017ರ ಫೆಬ್ರುವರಿಯಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರುಷದವರೆಗಿನ ಮಕ್ಕಳಿಗೆ ದಡಾರ ರುಬೆಲ್ಲಾ ಲಸಿಕೆಯನ್ನು ಹಾಕುವ ಮಹಾಕಾರ್ಯವು ಕರ್ನಾಟಕವೂ ಸೇರಿ ಕೆಲವು ಪ್ರಾಂತಗಳಲ್ಲಿ ಮೊದಲಾದಾಗ, ಮೊಬೈಲುಗಳ ಮೂಲಕ ನಾನಾ ಬಗೆಯ ವದಂತಿಗಳು ಹಬ್ಬಿದುವು. ದಡಾರವನ್ನು ಕೆಲವರು ಸಣ್ಣ ರೋಗವೆಂದು ತಿಳಿಯುತ್ತಾರೆ. ಅದು ಪುಪ್ಪುಸಕ್ಕೂ ಮಿದುಳಿಗೂ ಇಳಿದು ಕೊಲ್ಲಬಲ್ಲದು. ರುಬೆಲ್ಲಾ ಗರ್ಭಿಣಿಗೆ ತಗಲಿದರೆ ಹುಟ್ಟುವ ಕೂಸು ಕುರುಡೋ ಕಿವುಡೋ ಹೃದಯದ ದೋಷವುಳ್ಳದ್ದೋ ಆಗಬಹುದು. ಇಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕುಳಿತಿರುವ ಬಾಲೆಗೆ ಹಾಕಿದ ಲಸಿಕೆಯು ನಾಳೆ ಅವಳ ಮಡಿಲಿನ ಕೂಸನ್ನೂ ಕಾಯುತ್ತದೆ.

ವೈದ್ಯರು ತಮ್ಮ ಲಸಿಕೆಯ ದೋಷವನ್ನು ಮುಚ್ಚಿಡುವರೆಂದು ಶಂಕಿಸುವವರು ನಮ್ಮ ಸಿದ್ದಾಪುರದ ಕಡೆಗೇ ನೋಡಲಿ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಘಟ್ಟದ ಮೇಲಿನ ನಮ್ಮ ಜನರಿಗೆ ಪರಿಚಿತವಾದದ್ದೇ. ಅದಕ್ಕೆ ಬಹುಕಾಲದಿಂದ ಕೊಡುತ್ತಿದ್ದ ಚುಚ್ಚುಮದ್ದು ಸಾಕಷ್ಟು ಕಾಪಾಡಲಾರದೆಂದು ಪರೀಕ್ಷೆಯಿಂದ ತಿಳಿದಾಗ, 2022ರ ಹೊತ್ತಿಗೆ ಅದನ್ನು ನಿಲ್ಲಿಸಿ ಉತ್ತಮವಾದ ಬೇರೊಂದರ ಶೋಧಕ್ಕೆ ತೊಡಗಲಾಯಿತು. ಲಸಿಕೆಯು ದೇವರಲ್ಲ, ಅದನ್ನು ಅಳೆದು ನೋಡುವುದುಂಟು, ಸೋತರೆ ಬಿಡುವುದುಂಟು. ದಡಾರದ ಲಸಿಕೆಯು ಅದೇ ಅಳತೆಯಲ್ಲಿ ಲಕ್ಷಾಂತರ ಮಕ್ಕಳ ಲೆಕ್ಕದಿಂದ ಗೆದ್ದು ನಿಂತಿದೆ. ಅದನ್ನು ಹಾಕಿಸಿದ ಮೇಲೆ ಒಂದೆರಡು ದಿನ ತೋಳು ನೋಯುವುದು, ಕೆಲವು ದಿನಗಳಲ್ಲಿ ಜ್ವರವೋ ಸಣ್ಣ ಗುಳ್ಳೆಗಳೋ ಕಾಣಿಸುವುದು ಉಂಟು; ತೀರ ಅಪರೂಪವಾಗಿ ಮೈಗೆ ಒಗ್ಗದೆ ತೊಂದರೆಯಾಗುವುದೂ ಉಂಟು. ಅದಕ್ಕಾಗಿಯೇ ಲಸಿಕೆಯ ಬಳಿಕ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆಂದು ಹೇಳುವುದು. ಇದ್ದ ತೊಂದರೆಯನ್ನು ಹೇಳುವವನ ಮಾತೇ ಇಲ್ಲದ ತೊಂದರೆಯನ್ನು ಅಲ್ಲಗಳೆದಾಗ ನಂಬಿಕೆಗೆ ಅರ್ಹವಾಗುತ್ತದೆ.

ಪ್ರಿಯ ಸೋದರಿಯರೇ, ಅಡಿಕೆ ತೋಟಗಳ ನಡುವೆ ಒಂದೊಂದು ಹರದಾರಿಗೆ ಒಂದೊಂದಾಗಿ ಹರಡಿರುವ ನಮ್ಮ ಮನೆಗಳಿಗೆ, ಮಳೆಗಾಲದ ಹಳ್ಳಗಳನ್ನು ದಾಟಿ, ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಬರುವ ದಾದಿಯು ದೊಡ್ಡ ಸ್ವಾಮಿಯವರ ಕಾರ್ಯವನ್ನೇ ಮುಂದುವರಿಸುತ್ತಿದ್ದಾಳೆ. ಅವಳಿಗೆ ಮಣೆ ಹಾಕಿ ಕೂರಿಸಿರಿ. ಸಂಶಯವಿದ್ದರೆ ಅವಳನ್ನೇ ಕೇಳಿರಿ. ನೆರೆಮನೆಯವಳು ಅಂಜಿದರೆ ಅವಳನ್ನು ಜರೆಯಬೇಡಿರಿ. ಅವಳ ಜಗುಲಿಯ ಮೇಲೆ ಕುಳಿತು, ಅವಳ ಮಾತನ್ನು ಪೂರ್ತಿಯಾಗಿ ಕೇಳಿ, ನಿಮ್ಮ ಮಗುವಿನ ತೋಳನ್ನು ತೋರಿಸಿರಿ. ಇಪ್ಪತ್ತೈದು ಸಾವಿರ ಜನರ ಅಂಜಿಕೆಯನ್ನು ಕಳೆದ ಆ ಪಾದ್ರಿಯವರಿಗೆ ಜನರ ನಂಬಿಕೆಯ ಹೊರತು ಬೇರೆ ಆಯುಧವಿರಲಿಲ್ಲ. ಅದು ನಿಮ್ಮ ಕೈಯಲ್ಲಿಯೂ ಇದೆ. ಅಕ್ಷರವನ್ನು ಕಲಿಸಿದ ಈ ಶಾಲೆಯ ಋಣವನ್ನು ತೀರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಕಾಣದು. ನಮ್ಮ ಸೀಮೆಯ ಒಂದು ಕೂಸಾದರೂ ಸುಳ್ಳು ಮಾತಿನ ದೆಸೆಯಿಂದ ಸಾಯದಿರುವಂತೆ ದಯಾಮಯನಾದ ದೇವರು ನಿಮ್ಮೆಲ್ಲರಿಗೂ ವಿವೇಕವನ್ನೂ ಧೈರ್ಯವನ್ನೂ ಅನುಗ್ರಹಿಸಲಿ.